ಮನೆಯಲ್ಲೇ ಮಾಡಿದ ಸೈಫನ್ ಕಸ ಎಳೆಯುತ್ತಿಲ್ಲವೇ? ಮೀನಿನ ತೊಟ್ಟಿಯವರಿಗೆ ದೋಷ ನಿವಾರಣೆ ಕೈಪಿಡಿ

ಅಕ್ವೇರಿಯಂ ನೀರು ಬದಲಿಸುವಾಗ ಜಲ್ಲಿಯೊಳಗೆ ಕೂತ ಬಗ್ಗಡವನ್ನೂ ಜೊತೆಗೇ ಎಳೆದು ತೆಗೆಯಲು ಒಂದು ತಂಪು ಪಾನೀಯದ ಬಾಟಲಿ, ಎರಡು ಮೀಟರ್ ಪೈಪು ಸಾಕು. ಬಾಟಲಿಯ ತಳ ಕತ್ತರಿಸಿ, ಕತ್ತಿನ ಮುಚ್ಚಳದಲ್ಲಿ ಪೈಪು ಕೂರಿಸಿದರೆ ಸೈಫನ್ ಆಯಿತು: ಕೆಳಗಿಟ್ಟ ಬಾಲ್ದಿಗೆ ತೊಟ್ಟಿಯ ನೀರು ತಾನಾಗಿ ಇಳಿಯುತ್ತದೆ. ಇಲ್ಲಿ ಬಾಟಲಿಯ ಬಾಯಿ ಎಂದರೆ ಕತ್ತರಿಸಿದ ತಳದ ಕಡೆ. ಕರೆಂಟು ಬೇಡ. ಮಳೆಗಾಲದಲ್ಲಿ ಗಂಟೆಗಟ್ಟಲೆ ಕರೆಂಟು ಹೋಗುವ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಇದು ಸಣ್ಣ ಅನುಕೂಲವೇನಲ್ಲ. ಆದರೆ ಮಾಡಿದ ಮೇಲೆ ದೂರುಗಳು ಶುರುವಾಗುತ್ತವೆ: ನೀರು ಬರುತ್ತದೆ, ಕಸ ಬರುವುದಿಲ್ಲ, ಅಥವಾ ಕಸದ ಜೊತೆ ಜಲ್ಲಿಯೂ ಬರುತ್ತದೆ, ಅಥವಾ ಅರ್ಧಕ್ಕೇ ನಿಂತುಬಿಡುತ್ತದೆ. ಹೆಚ್ಚಿನವರು ಬಾಟಲಿಯನ್ನು ಎಸೆದು ಇನ್ನೊಂದು ಬಾಟಲಿ ಕತ್ತರಿಸುತ್ತಾರೆ. ಅದರಿಂದ ಏನೂ ಬದಲಾಗುವುದಿಲ್ಲ, ಏಕೆಂದರೆ ದೋಷ ಇರುವುದು ಸಾಮಾನ್ಯವಾಗಿ ಬಾಟಲಿಯ ಬಾಯಿಗೂ ಪೈಪಿನ ಗಾತ್ರಕ್ಕೂ ಹೊಂದಿಕೆ ಇಲ್ಲದಿರುವಲ್ಲಿ, ಇಲ್ಲವೇ ಅವೆರಡೂ ಕೂಡುವ ಸಂದಿಯಲ್ಲಿ. ಅಳೆದು ನೋಡದೆ ಇದು ಗೊತ್ತಾಗುವುದಿಲ್ಲ.

ಮೊದಲು ಬಾಲ್ದಿ ಮತ್ತು ಗಡಿಯಾರ

10 ಲೀಟರ್ ಗುರುತಿರುವ ಬಾಲ್ದಿ ಇಟ್ಟು, ಸೈಫನ್ ಓಡಿಸಿ, ತುಂಬಲು ಎಷ್ಟು ಸೆಕೆಂಡು ಬೇಕು ನೋಡಿ. ಮೊಬೈಲಿನ ಗಡಿಯಾರ ಸಾಕು. 10,000ವನ್ನು ಆ ಸೆಕೆಂಡುಗಳಿಂದ ಭಾಗಿಸಿದರೆ ಪ್ರತಿ ಸೆಕೆಂಡಿಗೆ ಎಷ್ಟು ಮಿಲಿಲೀಟರ್ ಎಂಬುದು ಸಿಗುತ್ತದೆ. 80 ಸೆಕೆಂಡು ಹಿಡಿದರೆ 125.

ಎರಡು ಮೀಟರ್ ಉದ್ದದ ಪೈಪು, ತೊಟ್ಟಿಯ ನೀರಿನ ಮಟ್ಟಕ್ಕಿಂತ 60 ಸೆಂ.ಮೀ. ಕೆಳಗೆ ಹೊರಬಾಯಿ ಇದ್ದರೆ, ಅಂದಾಜು ಲೆಕ್ಕ ಹೀಗೆ ಬರುತ್ತದೆ. ಒಳವ್ಯಾಸ 12 ಮಿ.ಮೀ. ಇರುವ ಅರ್ಧ ಇಂಚಿನ ತೋಟದ ಪೈಪು 10 ಲೀಟರನ್ನು ಸುಮಾರು ಒಂದೂಕಾಲು ನಿಮಿಷದಲ್ಲಿ ಕೊಡುತ್ತದೆ. ಗಾರೆ ಕೆಲಸದವರು ಮಟ್ಟ ನೋಡುವ ಪಾರದರ್ಶಕ ಲೆವೆಲ್ ಪೈಪು 8 ಮಿ.ಮೀ.ನದ್ದಾದರೆ ಮೂರರಿಂದ ಮೂರೂವರೆ ನಿಮಿಷ. 6 ಮಿ.ಮೀ.ನದ್ದಾದರೆ ಆರು ನಿಮಿಷ ದಾಟುತ್ತದೆ. ನಿಮ್ಮ ಅಳತೆ ಇದಕ್ಕಿಂತ ತೀರಾ ನಿಧಾನವಾಗಿದ್ದರೆ ಪೈಪಿನಲ್ಲಿ ಮಡಿಕೆಯೋ ಅಡಚಣೆಯೋ ಇದೆ. ಹತ್ತಿರ ಹತ್ತಿರ ಇದ್ದರೆ ಪೈಪು ಸರಿ ಇದೆ. ಇನ್ನು ಬಾಟಲಿಯ ಕಡೆ ನೋಡಬೇಕು.

ಎತ್ತರದ ಬಗ್ಗೆ ಒಂದು ಮಾತು. ಲೆಕ್ಕಕ್ಕೆ ಬರುವುದು ತೊಟ್ಟಿಯ ನೀರಿನ ಮೇಲ್ಮೈಯಿಂದ ಪೈಪಿನ ಹೊರಬಾಯಿವರೆಗಿನ ಎತ್ತರ. ಹೊರಬಾಯಿ ಬಾಲ್ದಿಯ ನೀರಿನಲ್ಲಿ ಮುಳುಗಿದ್ದರೆ ಬಾಲ್ದಿಯ ನೀರಿನ ಮಟ್ಟದವರೆಗೆ ಮಾತ್ರ. ಆದ್ದರಿಂದಲೇ ಗಿಡ್ಡ ಸ್ಟೂಲಿನ ಮೇಲೆ ತೊಟ್ಟಿ ಇಟ್ಟವರಿಗೆ ಬಾಲ್ದಿ ತುಂಬುತ್ತ ಬಂದಂತೆ ಎಳೆತ ಇಳಿಯುತ್ತದೆ. ತಡವಾಗಿ ಬರುವ ನೀರನ್ನು ನೋಡಿ ಪೈಪು ಕಟ್ಟಿಕೊಂಡಿದೆ ಎಂದುಕೊಳ್ಳಬೇಡಿ, ಬಾಲ್ದಿ ಖಾಲಿ ಮಾಡಿ ಮತ್ತೆ ನೋಡಿ. ಎತ್ತರ ನಾಲ್ಕು ಪಟ್ಟಾದರೆ ಹರಿವು ಎರಡು ಪಟ್ಟು ಮಾತ್ರ ಆಗುತ್ತದೆ. ಪೈಪನ್ನು ಜಗುಲಿ ದಾಟಿಸಿ ಅಂಗಳಕ್ಕೆ ಇಳಿಸುವುದಕ್ಕಿಂತ ಒಂದು ಅಳತೆ ದಪ್ಪದ ಪೈಪು ಹಾಕುವುದರಲ್ಲಿ ಲಾಭ ಹೆಚ್ಚು.

ನೀರು ಬರುತ್ತದೆ, ಕಸ ಏಳುವುದಿಲ್ಲ

ಎಲ್ಲಕ್ಕಿಂತ ಹೆಚ್ಚು ಕಾಣುವ ದೋಷ ಇದು. ಬಾಟಲಿಯೊಳಗೆ ನೀರು ಮೇಲೇರುವ ವೇಗ ಕಸ ಕೆಳಗಿಳಿಯುವ ವೇಗಕ್ಕಿಂತ ಜಾಸ್ತಿ ಇದ್ದರೆ ಮಾತ್ರ ಕಸ ಪೈಪಿಗೆ ಬರುತ್ತದೆ. ಆ ವೇಗ ಕಂಡುಹಿಡಿಯುವುದು ಸುಲಭ: ಸೆಕೆಂಡಿಗೆ ಬರುವ ಮಿಲಿಲೀಟರನ್ನು ಬಾಟಲಿ ಬಾಯಿಯ ವಿಸ್ತೀರ್ಣದಿಂದ ಭಾಗಿಸಿ. ವಿಸ್ತೀರ್ಣ ಎಂದರೆ ವ್ಯಾಸವನ್ನು ಅದರಿಂದಲೇ ಗುಣಿಸಿ, ಮತ್ತೆ 0.785ರಿಂದ ಗುಣಿಸಿದ್ದು.

125 ಮಿ.ಲೀ. ಹರಿವಿಗೆ ಅರ್ಧ ಲೀಟರಿನ ಬಾಟಲಿ, ವ್ಯಾಸ 6.4 ಸೆಂ.ಮೀ., ಕೊಡುವ ವೇಗ ಸೆಕೆಂಡಿಗೆ 3.9 ಸೆಂ.ಮೀ. ಒಂದು ಲೀಟರಿನ ಬಾಟಲಿ, 8 ಸೆಂ.ಮೀ., ಕೊಡುವುದು 2.5. ಎರಡು ಲೀಟರಿನದು, 11 ಸೆಂ.ಮೀ., ಬರೀ 1.3. ಅದೇ ಒಂದು ಲೀಟರಿನ ಬಾಟಲಿಗೆ 8 ಮಿ.ಮೀ. ಲೆವೆಲ್ ಪೈಪು ಸಿಕ್ಕಿಸಿದರೆ ವೇಗ ಸೆಕೆಂಡಿಗೆ ಒಂದು ಸೆಂ.ಮೀ.! ಹಗುರವಾದ ತಿಂಡಿಯ ಪುಡಿ ಅಲ್ಲಲ್ಲಿ ತೇಲೀತು. ಗೋಲ್ಡ್ ಫಿಶ್‌ನ ಮಲ, ಕೊಳೆತ ಎಲೆಯ ಚೂರು ಬಾಟಲಿಯೊಳಗೇ ಸುತ್ತಿ ಮತ್ತೆ ಕೆಳಗೆ ಕೂರುತ್ತವೆ. ಬಾಟಲಿ ದೊಡ್ಡದಾದರೆ ಒಂದೇ ಸಲಕ್ಕೆ ಜಾಸ್ತಿ ಜಾಗ ಸ್ವಚ್ಛವಾಗುತ್ತದೆ ಎಂಬ ಲೆಕ್ಕಾಚಾರವೇ ಇಲ್ಲಿ ತಪ್ಪು ದಾರಿ ಹಿಡಿಸುವುದು.

3ರಿಂದ 5 ಮಿ.ಮೀ. ಜಲ್ಲಿ ಇರುವ ತೊಟ್ಟಿಗೆ 4ರಿಂದ 7 ಸೆಂ.ಮೀ. ವೇಗ ಹಿತ. ಬಾಟಲಿಯ ಬಾಯಿ ಜಲ್ಲಿಗೆ ಇಳಿಸಿದಾಗ ಕಲ್ಲುಗಳು ಒಂದೆರಡು ಇಂಚು ಎದ್ದು ಉರುಳಾಡಬೇಕು, ಆದರೆ ಕತ್ತಿನವರೆಗೆ ಹೋಗಬಾರದು. ಅದು ಕಣ್ಣಿಗೆ ಕಾಣುವ ಗುರುತು. ಇದಕ್ಕೆ 12 ಮಿ.ಮೀ. ಪೈಪಿನ ಜೊತೆ 5ರಿಂದ 6.5 ಸೆಂ.ಮೀ. ಬಾಯಿಯ ಬಾಟಲಿ ಸರಿಹೋಗುತ್ತದೆ. ಬಾಟಲಿಯನ್ನು ಆರಿಸುವಾಗ ಕುಡಿಯುವ ನೀರಿನದಕ್ಕಿಂತ ಸೋಡಾ ತುಂಬಿ ಬಂದದ್ದನ್ನು ತೆಗೆದುಕೊಳ್ಳಿ. ಅದರ ಗೋಡೆ ಗಟ್ಟಿ, ಹಿಡಿದರೆ ನೆಗ್ಗುವುದಿಲ್ಲ. ತಳವನ್ನು ನೇರವಾಗಿ ಕತ್ತರಿಸಿ ಅಂಚನ್ನು ಸಣ್ಣ ಉಪ್ಪುಕಾಗದದಿಂದ ಉಜ್ಜಿ. ಕತ್ತರಿಸಿದ ಬಾಟಲಿ 15 ಸೆಂ.ಮೀ.ಗಿಂತ ಗಿಡ್ಡವಾಗಿದ್ದರೆ ಎದ್ದ ಕಲ್ಲು ಮರಳಿ ಬೀಳಲು ಜಾಗವಿಲ್ಲದೆ ಪೈಪಿಗೆ ನುಗ್ಗುತ್ತದೆ.

ವೇಗದ ಲೆಕ್ಕ ಸರಿ ಬಂದರೂ ಕಸ ಏಳದಿದ್ದರೆ ಮುಚ್ಚಳದ ಸಂದಿಯನ್ನು ಅನುಮಾನಿಸಿ. ಇಲ್ಲಿ ಬಾಲ್ದಿ ನಿಮಗೆ ಮೋಸ ಮಾಡುತ್ತದೆ, ಏಕೆಂದರೆ ಅದು ಎಂದಿನ ವೇಗದಲ್ಲೇ ತುಂಬುತ್ತದೆ. ಸಂದಿ ನೀರಿನೊಳಗೆ ಮುಳುಗಿರುವುದರಿಂದ ಗಾಳಿ ಬರುವುದಿಲ್ಲ, ಗುಳ್ಳೆಯೂ ಕಾಣುವುದಿಲ್ಲ. ಬಾಟಲಿಯ ಬಾಯಿಂದ ಬರಬೇಕಾದ ನೀರಿನ ಒಂದು ಪಾಲು ಮುಚ್ಚಳದ ಪಕ್ಕದಿಂದಲೇ ನುಸುಳಿ ಪೈಪಿಗೆ ಹೋಗುತ್ತಿರುತ್ತದೆ. ಬಾಯಿಯನ್ನು ಜಲ್ಲಿಗೆ ಒತ್ತಿದಷ್ಟೂ ಅಲ್ಲಿ ತಡೆ ಹೆಚ್ಚಿ, ನೀರು ಸುಲಭದ ದಾರಿಯನ್ನೇ ಹಿಡಿಯುತ್ತದೆ. ಪರೀಕ್ಷೆ ಹೀಗೆ: ಸೈಫನ್ ಓಡುತ್ತಿರುವಾಗ, ನೀರಿನೊಳಗೇ, ಬಾಟಲಿಯ ಬಾಯಿಯನ್ನು ಅಂಗೈಯಿಂದ ಮುಚ್ಚಿ. ಬಾಲ್ದಿಗೆ ಬೀಳುವ ಧಾರೆ ತಕ್ಷಣ ನಿಲ್ಲಬೇಕು. ನಿಲ್ಲದೆ ಹರಿಯುತ್ತಲೇ ಇದ್ದರೆ ಸಂದಿ ಸೋರುತ್ತಿದೆ. ಎರಡು ಸೆಕೆಂಡು ಸಾಕು, ಜಾಸ್ತಿ ಹೊತ್ತು ಮುಚ್ಚಿದರೆ ತೆಳು ಬಾಟಲಿ ಒಳಕ್ಕೆ ಕುಸಿಯುತ್ತದೆ.

ಸಂದಿ ಸೋರಲು ಕಾರಣ ಅಂಟು. ಬಾಟಲಿಯ ಮುಚ್ಚಳ ಪಾಲಿಥೀನ್ ಅಥವಾ ಪಾಲಿಪ್ರೊಪಿಲೀನ್‌ನದ್ದು. ಇವುಗಳಿಗೆ ಎಂ-ಸೀಲ್ ಆಗಲಿ, ಫೆವಿಕ್ವಿಕ್ ಆಗಲಿ, ಗಾಜಿಗೆ ಹಚ್ಚುವ ಸಿಲಿಕೋನ್ ಆಗಲಿ ಗಟ್ಟಿಯಾಗಿ ಹಿಡಿಯುವುದಿಲ್ಲ. ಮೊದಲ ದಿನ ಭದ್ರ ಕಂಡದ್ದು ಪೈಪು ನಾಲ್ಕು ಸಲ ಬಾಗಿದ ಮೇಲೆ ಸಿಪ್ಪೆಯಂತೆ ಬಿಟ್ಟುಕೊಳ್ಳುತ್ತದೆ. ಅಂಟನ್ನು ನಂಬದೆ ಬಿಗಿತವನ್ನು ನಂಬಬೇಕು. ಅದಕ್ಕೆ ಎರಡು ದಾರಿ ಇವೆ.

ಒಂದು, ಮುಚ್ಚಳವನ್ನೇ ಬಿಟ್ಟುಬಿಡುವುದು. ಸೋಡಾ ಬಾಟಲಿಯ ಕತ್ತಿನ ಒಳವ್ಯಾಸ ಸುಮಾರು 22 ಮಿ.ಮೀ. ಅರ್ಧ ಇಂಚಿನ ಪೈಪಿನ ಹೊರವ್ಯಾಸ 16ರಿಂದ 17. ಹಳೆಯ ಸೈಕಲ್ ಟ್ಯೂಬಿನಿಂದ ಎರಡು ಸೆಂ.ಮೀ. ಅಗಲದ ಪಟ್ಟಿ ಕತ್ತರಿಸಿ, ಪೌಡರು ಹೋಗುವಂತೆ ತೊಳೆದು, ಪೈಪಿನ ತುದಿಗೆ ಎಳೆದು ಎಳೆದು ಸುತ್ತಿ. ಕತ್ತಿಗೆ ತಿರುವಿ ತಿರುವಿ ತೂರಿಸಿದರೆ ಮಾತ್ರ ಒಳಹೋಗುವಷ್ಟು ದಪ್ಪ ಬಂದಾಗ ನಿಲ್ಲಿಸಿ. ರಬ್ಬರ್ ಒದ್ದೆಯಾದರೆ ಸಲೀಸಾಗಿ ಕೂರುತ್ತದೆ. ಎಲ್ಲಕ್ಕಿಂತ ಸರಳ, ಎಲ್ಲಕ್ಕಿಂತ ಬಾಳಿಕೆಯ ಸಂದಿ ಇದೇ. ಹಾಳಾದರೆ ಐದು ನಿಮಿಷದಲ್ಲಿ ಬೇರೆ ಸುತ್ತಬಹುದು.

ಇನ್ನೊಂದು, ಅಡಿಕೆ ತೋಟದ ಹನಿ ನೀರಾವರಿ ಸಾಮಾನು. ಶಿರಸಿಯಲ್ಲಿ ಡ್ರಿಪ್ ಸಾಮಾನು ಮಾರುವ ಅಂಗಡಿಗಳಲ್ಲಿ ರಬ್ಬರ್ ಗ್ರೊಮೆಟ್ (ತೂತಿಗೆ ಕೂರಿಸುವ ಉಂಗುರ), ಅದಕ್ಕೆ ಸಿಕ್ಕಿಸುವ ಟೇಕಾಫ್ (ಪೈಪು ಜೋಡಿಸುವ ತುಂಡು), 16 ಮಿ.ಮೀ. ಕಾಕ್ (ನೀರು ತೆರೆದು ಮುಚ್ಚುವ ತಿರುಗಣೆ) ಬಿಡಿಯಾಗಿ ಸಿಗುತ್ತವೆ. ಗ್ರೊಮೆಟ್‌ನ ತೋಡಿಗೆ ಸರಿಯಾಗಿ ಮುಚ್ಚಳದಲ್ಲಿ ತೂತು ಕೊರೆದು ಅದನ್ನು ಕೂರಿಸಿ, ಟೇಕಾಫ್ ಒತ್ತಿದರೆ ರಬ್ಬರ್ ಹಿಗ್ಗಿ ಸಂದಿ ತಾನಾಗಿ ಬಿಗಿಯಾಗುತ್ತದೆ. ತೂತನ್ನು ಕಾಯಿಸಿದ ಮೊಳೆಯಿಂದ ಮಾಡಬೇಡಿ. ಅಂಚು ಕರಗಿ ಉಬ್ಬಿದರೆ ಗ್ರೊಮೆಟ್ ಸೋರುತ್ತದೆ. ಕಾಕನ್ನು ಪೈಪಿನ ನಡುವೆ, ಕೈಗೆ ಸಿಗುವ ಜಾಗದಲ್ಲಿ ಹಾಕಿ. ಅದರ ಹಲ್ಲಿಗೆ ಪೈಪು ಏರದಿದ್ದರೆ ಪೈಪಿನ ತುದಿಯನ್ನು ಬಿಸಿನೀರಿನಲ್ಲಿ ಅರ್ಧ ನಿಮಿಷ ಇಟ್ಟು ಆಮೇಲೆ ಒತ್ತಿ. ಟೇಕಾಫ್‌ನ ಒಳದಾರಿ ಪೈಪಿಗಿಂತ ಕಿರಿದು ಎಂಬುದು ನೆನಪಿರಲಿ: ಅದನ್ನು ಹಾಕಿದ ಮೇಲೆ ಬಾಲ್ದಿಯ ಅಳತೆ ಮತ್ತೊಮ್ಮೆ ಮಾಡಿ, ಹರಿವು ಇಳಿದಷ್ಟು ಬಾಟಲಿಯೂ ಚಿಕ್ಕದಾಗಬೇಕು.

ಸೈಫನ್ ಹಿಡಿಯುವುದಿಲ್ಲ, ಅಥವಾ ನಡುವೆ ಬಿಟ್ಟುಬಿಡುತ್ತದೆ

ಬಾಯಿಯಿಂದ ಎಳೆದು ಶುರು ಮಾಡುವ ರೂಢಿ ಬಿಡಿ. ತೊಟ್ಟಿಯ ಬಗ್ಗಡದ ನೀರು ಗಂಟಲಿಗೆ ಹೋದರೆ ಹೊಟ್ಟೆ ಕೆಡುವುದು ಖಂಡಿತ ಬೇಡದ ತಾಪತ್ರಯ. ಹೊರಬಾಯಿಯನ್ನು ಬಾಲ್ದಿಗೆ ಇಳಿಸಿ, ಬಾಟಲಿಯನ್ನು ತೊಟ್ಟಿಯಲ್ಲಿ ಪೂರ್ತಿ ಮುಳುಗಿಸಿ ತುಂಬಿಸಿ, ಬಾಯಿ ಮೇಲಾಗಿ ನೀರಿನಿಂದ ಎತ್ತಿ ಹಿಡಿಯಿರಿ. ಬಾಟಲಿಯ ನೀರು ಪೈಪಿಗೆ ಇಳಿಯುತ್ತದೆ. ಬಾಟಲಿಯಲ್ಲಿ ಕಾಲು ಭಾಗ ನೀರು ಉಳಿದಿರುವಾಗಲೇ ಮತ್ತೆ ಮುಳುಗಿಸಿ ಬಾಯಿ ಕೆಳಗೆ ತಿರುಗಿಸಿ. ಪೂರ್ತಿ ಖಾಲಿಯಾಗಲು ಬಿಟ್ಟರೆ ಗಾಳಿ ಹೊಕ್ಕು ಮೊದಲಿನಿಂದ ಮಾಡಬೇಕಾಗುತ್ತದೆ. ಅರ್ಧ ಲೀಟರಿನ ಬಾಟಲಿಗೆ 12 ಮಿ.ಮೀ. ಪೈಪು ಎರಡು ಮೀಟರ್ ಇದ್ದರೆ ಪೈಪಿನ ಒಳಗೆ ಹಿಡಿಯುವ ನೀರು ಸುಮಾರು 225 ಮಿ.ಲೀ., ಆದ್ದರಿಂದ ಒಂದು ಬಾಟಲಿ ನೀರಿಗೆ ಕೆಲಸ ಆಗುತ್ತದೆ. ಪೈಪು ಐದು ಮೀಟರ್ ಇದ್ದರೆ ಆಗುವುದಿಲ್ಲ. ಆಗ ಮೊದಲೇ ಪೈಪಿಗೆ ನಲ್ಲಿಯಿಂದ ನೀರು ತುಂಬಿ, ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡು ತನ್ನಿ.

ಶುರುವಾಗಿ ಒಂದು ನಿಮಿಷದೊಳಗೆ ಬಿಟ್ಟರೆ ಪಾರದರ್ಶಕ ಪೈಪಿನಲ್ಲಿ ಗುಳ್ಳೆಗಳ ಸಾಲು ಓಡುತ್ತಿದೆಯೇ ನೋಡಿ. ಗುಳ್ಳೆ ಇದ್ದರೆ ತೊಟ್ಟಿಯ ನೀರಿನಿಂದ ಹೊರಗಿರುವ ಪೈಪಿನಲ್ಲಿ ಎಲ್ಲೋ ಗಾಳಿ ಹೊಗುತ್ತಿದೆ. ಕಾಕ್‌ನ ಸಂದಿ, ಪೈಪಿನ ಸೀಳು, ಹಳೆ ಪೈಪನ್ನು ಜೋಡಿಸಿದ ಜಾಗ. ಅಲ್ಲಿಂದ ನೀರು ತೊಟ್ಟಿಕ್ಕುವುದಿಲ್ಲ, ಗಾಳಿ ಒಳಕ್ಕೆ ಹೋಗುತ್ತದೆ. ಹೊರಗೆ ಒಣಗಿದೆ ಎಂದು ಸಂದಿ ಸರಿ ಇದೆ ಎಂದುಕೊಳ್ಳುವುದು ಹಲವರ ತಪ್ಪು. ಕಂಡುಹಿಡಿಯಲು ಪೈಪನ್ನು ಪೂರ್ತಿ ಬಾಲ್ದಿಯ ನೀರಿನಲ್ಲಿ ಮುಳುಗಿಸಿ, ಒಂದು ತುದಿ ಮಡಚಿ ಹಿಡಿದು ಇನ್ನೊಂದರಿಂದ ಊದಿ. ಪಂಕ್ಚರ್ ಅಂಗಡಿಯಲ್ಲಿ ಟ್ಯೂಬು ನೋಡುವಂತೆ ಗುಳ್ಳೆ ಎಲ್ಲಿಂದ ಎದ್ದಿತೋ ಅಲ್ಲೇ ತೂತು.

ಗುಳ್ಳೆ ಇಲ್ಲದೆ ನಿಂತರೆ ಅಡಚಣೆ. ತೊಟ್ಟಿಯ ಅಂಚಿನಲ್ಲಿ ಪೈಪು ಮಡಚಿಕೊಂಡಿರುವುದು ಮೊದಲ ಅನುಮಾನ, ಅದರಲ್ಲೂ ಚಳಿಗಾಲದ ಬೆಳಗ್ಗೆ ಪೈಪು ಬಿರುಸಾಗಿದ್ದಾಗ. ಅಂಚಿನ ಮೇಲೆ ಅರ್ಧ ಸೀಳಿದ ಒಂದೂವರೆ ಇಂಚಿನ ಪಿವಿಸಿ ತುಂಡನ್ನು ಕೂರಿಸಿ ಅದರ ಮೇಲಿಂದ ಪೈಪು ಹಾಯಿಸಿದರೆ ಮಡಿಕೆ ಬೀಳುವುದಿಲ್ಲ. ಎರಡನೆಯದು ಬಸವನಹುಳುವಿನ ಚಿಪ್ಪು. ಕಾರವಾರ, ಅಂಕೋಲಾ, ಕುಮಟಾದ ಕಡೆ ಕಡಲ ಮರಳನ್ನೇ ತೊಟ್ಟಿಗೆ ಹಾಕಿದವರಿಗೆ ಮೂರನೆಯದೂ ಇದೆ: ಬಳಚಿನ ಚಿಪ್ಪಿನ ಚೂರು. ಚಪ್ಪಟೆಯಾಗಿರುವುದರಿಂದ ತೂಕಕ್ಕೆ ಮೀರಿ ಮೇಲಕ್ಕೆ ತೇಲಿ, ಕತ್ತಿನಲ್ಲಿ ಅಡ್ಡ ಬೀಳುತ್ತದೆ. ಪೈಪಿನ ಹೊರತುದಿಯಿಂದ ಉಲ್ಟಾ ನೀರು ಬಿಟ್ಟರೆ ಹೊರಬರುತ್ತದೆ. ಕಡ್ಡಿ ತೂರಿಸಿದರೆ ಇನ್ನೂ ಗಟ್ಟಿಯಾಗಿ ಸಿಕ್ಕಿಕೊಳ್ಳುತ್ತದೆ. ಆ ಮರಳಿನ ಮೇಲೆ ನಾಲ್ಕು ಹನಿ ವಿನೆಗರ್ ಹಾಕಿ ನೋಡಿ. ನೊರೆ ಬಂದರೆ ಅದರಲ್ಲಿ ಸುಣ್ಣವಿದೆ, ತೊಟ್ಟಿಯ ನೀರನ್ನು ಗಡಸು ಮಾಡುತ್ತದೆ. ಮೋಲಿ ಮೀನಿಗೆ ಅದು ಒಗ್ಗುತ್ತದೆ, ನಿಯಾನ್ ಟೆಟ್ರಾದಂಥವಕ್ಕೆ ಒಗ್ಗುವುದಿಲ್ಲ.

ಜಲ್ಲಿಯೂ ಮರಳೂ ಬಾಲ್ದಿಗೆ ಬರುತ್ತಿದೆ

ಬಾಟಲಿಯ ಬದಲು ಒಂದು ಇಂಚಿನ ಪಿವಿಸಿ ಪೈಪಿನ ತುಂಡನ್ನು ಬಾಯಿಯಾಗಿ ಹಾಕಿದವರ ದೂರು ಇದು. ಅದೇ 125 ಮಿ.ಲೀ. ಹರಿವು 2.5 ಸೆಂ.ಮೀ. ವ್ಯಾಸದ ಪೈಪಿನಲ್ಲಿ ಸೆಕೆಂಡಿಗೆ 25 ಸೆಂ.ಮೀ. ವೇಗವಾಗುತ್ತದೆ. 3 ಮಿ.ಮೀ. ಕಲ್ಲು ಕೂಡ ಆ ವೇಗಕ್ಕೆ ಎದ್ದು ಹೋದೀತು. ಬಾಯಿ ಅಗಲ ಮಾಡುವುದೇ ಸರಿಯಾದ ಪರಿಹಾರ. ಸದ್ಯಕ್ಕೆ ಕೆಲಸ ಆಗಬೇಕಿದ್ದರೆ ಕಾಕನ್ನು ಅರ್ಧ ತಿರುಗಿಸಿ, ಅಥವಾ ಹೊರಬಾಯಿಯನ್ನು ಸ್ಟೂಲಿನ ಮೇಲೆ ಎತ್ತಿಡಿ. ಗಿಡಗಳಿರುವ ತೊಟ್ಟಿಯಲ್ಲಿ ಬೇರಿನ ಸಂದಿಗೆ ಬಾಟಲಿ ಹೋಗದು. ಅಲ್ಲಿ ಕಿರಿದಾದ ಬಾಯಿಯೇ ಬೇಕು, ಆದರೆ ಜಲ್ಲಿಗೆ ಒತ್ತದೆ ಮೇಲಿಂದ ಮೇಲೆ ಸವರಿಕೊಂಡು ಹೋಗಬೇಕು.

ಮರಳಿನ ತೊಟ್ಟಿಯಲ್ಲಿ ಯಾವ ಬಾಯಿಯನ್ನೂ ಒಳಗೆ ಇಳಿಸಬಾರದು. ಅರ್ಧ ಮಿ.ಮೀ. ಕಣ ನೀರಿನಲ್ಲಿ ಸೆಕೆಂಡಿಗೆ ಸುಮಾರು 7 ಸೆಂ.ಮೀ. ಇಳಿಯುತ್ತದೆ, ಇನ್ನೂ ನುಣುಪಾದದ್ದು 4ರ ಹತ್ತಿರ. ಅಂದರೆ ಜಲ್ಲಿಗೆ ಹಿತವಾದ ವೇಗವೇ ಮರಳನ್ನು ಹೊತ್ತೊಯ್ಯುವ ವೇಗ. ಕಸ ಮರಳಿನ ಮೇಲೆಯೇ ಕೂರುತ್ತದೆ, ಒಳಗೆ ಇಳಿಯುವುದು ಕಡಿಮೆ. ಬಾಟಲಿಯ ಬಾಯಿಯನ್ನು ಎರಡು ಸೆಂ.ಮೀ. ಮೇಲೆ ಹಿಡಿದು ನಿಧಾನವಾಗಿ ಸುತ್ತಿಸಿ. ಸುಳಿಗೆ ಕಸ ಎದ್ದು ಹೋಗುತ್ತದೆ, ಮರಳು ಅಲ್ಲಾಡಿ ಅಲ್ಲೇ ಕೂರುತ್ತದೆ. ಮರಳು ಐದು ಸೆಂ.ಮೀ.ಗಿಂತ ದಪ್ಪವಾಗಿದ್ದು, ಕೆದಕಿದಾಗ ಕಪ್ಪು ಪದರ ಕಂಡು ಕೊಳೆತ ಮೊಟ್ಟೆಯ ವಾಸನೆ ಬಂದರೆ ಅಲ್ಲಿಗೇ ನಿಲ್ಲಿಸಿ. ಅದು ಹೈಡ್ರೋಜನ್ ಸಲ್ಫೈಡ್, ಒಂದೇ ಸಲ ಬಿಡುಗಡೆಯಾದರೆ ಮೀನಿಗೆ ವಿಷ. ವಾರಕ್ಕೆ ಒಂದು ಅಂಗೈ ಅಗಲದಷ್ಟು ಜಾಗವನ್ನು ಮಾತ್ರ, ಏರ್ ಪಂಪು ಜೋರಾಗಿ ಓಡುತ್ತಿರುವಾಗ, ಮೇಲಿನ ಪದರದಿಂದ ಎಳೆದು ತೆಗೆಯುತ್ತ ಬನ್ನಿ.

ಮರಿಗಳಿರುವ ತೊಟ್ಟಿಗೆ ಬಾಟಲಿ ಬೇಡ. ಏರ್ ಪಂಪಿನ ಸಣ್ಣ ನಳಿಗೆಯನ್ನು ಬಿದಿರು ಕಡ್ಡಿಗೆ ರಬ್ಬರ್ ಬ್ಯಾಂಡಿನಿಂದ ಕಟ್ಟಿ, ಬೇಕಾದ ಕಡೆಗೆ ಮಾತ್ರ ತೋರಿಸಿ ಎಳೆಯಿರಿ. ಬಿಳಿ ಬಾಲ್ದಿಗೆ ಬಿಡಿ. ತಪ್ಪಿ ಬಂದ ಗಪ್ಪಿ ಮರಿ ಬಿಳಿಯ ಮೇಲೆ ತಕ್ಷಣ ಕಾಣುತ್ತದೆ. ಬಾಟಲಿಯ ಬಾಯಿಗೆ ಸೊಳ್ಳೆ ಪರದೆ ಕಟ್ಟುವುದು ಮೇಲ್ನೋಟಕ್ಕೆ ಒಳ್ಳೆಯ ಉಪಾಯ, ಆದರೆ ಬಲೆಗೆ ಬಗ್ಗಡ ಅಂಟಿ ಬೇಗನೆ ಹರಿವು ಸಾಯುತ್ತದೆ.

ನೀರು ಮುಗಿಯಿತು, ಕಸ ಉಳಿಯಿತು

ಸೈಫನ್ ಚೆನ್ನಾಗಿ ಎಳೆಯತೊಡಗಿದ ಮೇಲೆ ಬರುವ ತೊಂದರೆ ಇದು. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯಲ್ಲಿ ಜಲ್ಲಿ ಕಳೆದು ಸುಮಾರು 45 ಲೀಟರ್ ನೀರಿರುತ್ತದೆ. ಕಾಲು ಭಾಗ ತೆಗೆಯುವುದೆಂದರೆ 11 ಲೀಟರ್ ಚಿಲ್ಲರೆ. ಸೆಕೆಂಡಿಗೆ 125 ಮಿ.ಲೀ. ಎಳೆಯುವ ಸೈಫನ್ ಅದನ್ನು ಒಂದೂವರೆ ನಿಮಿಷದಲ್ಲಿ ಮುಗಿಸುತ್ತದೆ. ತಳದ ವಿಸ್ತೀರ್ಣ 1,800 ಚದರ ಸೆಂ.ಮೀ.; 6.4 ಸೆಂ.ಮೀ. ಬಾಯಿಯನ್ನು ಸುಮಾರು 56 ಕಡೆ ಊರಬೇಕು. ಒಂದು ಕಡೆ ಎರಡು ಸೆಕೆಂಡೂ ಸಿಗುವುದಿಲ್ಲ, ಬೇಕಾಗಿರುವುದು ಐದಾರು.

ಆದ್ದರಿಂದ ಒಂದು ಜಾಗದಿಂದ ಇನ್ನೊಂದಕ್ಕೆ ಹೋಗುವಾಗಲೆಲ್ಲ ಪೈಪನ್ನು ಮಡಚಿ ಹಿಡಿಯಿರಿ, ಅಥವಾ ಕಾಕ್ ಮುಚ್ಚಿ. ಬಾಟಲಿ ನೀರಿನೊಳಗೇ ಇದ್ದರೆ ಸೈಫನ್ ಹೋಗುವುದಿಲ್ಲ. ಮಡಚಿ ಹಿಡಿದಾಗ ಎದ್ದ ಕಲ್ಲು ಬಾಟಲಿಯೊಳಗೆ ಕೆಳಗೆ ಬೀಳುತ್ತದೆ, ಹಗುರ ಕಸ ಮೇಲೆಯೇ ತೇಲುತ್ತಿರುತ್ತದೆ. ಬಿಟ್ಟ ಕೂಡಲೇ ಅದು ಪೈಪಿಗೆ ಹೋಗುತ್ತದೆ. ಹೀಗೆ ಬಿಟ್ಟು ಹಿಡಿದು ಮಾಡುವ ಕೈಚಳಕವೇ ಅರ್ಧ ಕೆಲಸ. ಇಷ್ಟಾದರೂ ಒಂದೇ ದಿನ ಇಡೀ ತಳವನ್ನು ಮುಗಿಸಲು ಹೊರಡಬೇಡಿ. ಈ ವಾರ ಮುಂದಿನ ಅರ್ಧ, ಬರುವ ವಾರ ಹಿಂದಿನ ಅರ್ಧ. ಜಲ್ಲಿಯಲ್ಲಿ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಇರುವುದರಿಂದಲೂ ಇದೇ ಒಳ್ಳೆಯದು; ಅದೇ ಕಾರಣಕ್ಕೆ ಫಿಲ್ಟರಿನ ಸ್ಪಂಜನ್ನು ಅದೇ ದಿನ ತೊಳೆಯಬಾರದು.

ಏಪ್ರಿಲ್–ಮೇ ತಿಂಗಳಲ್ಲಿ ಕಡಲಿಗೆ ಹತ್ತಿರದ ಬಾವಿಗಳ ನೀರು ಉಪ್ಪಾಗುವ ಕಡೆ ಬದಲಿಸಲು ಸಿಹಿನೀರೇ ಸಾಲದು. ಆಗ ಬಾಲ್ದಿಯ ನೀರನ್ನು ಎರಡು ಪದರ ಹಳೆಯ ಪಂಚೆಯಲ್ಲಿ ಸೋಸಿ ಅದೇ ತೊಟ್ಟಿಗೆ ಮರಳಿ ಹಾಕಬಹುದು. ಸಾಬೂನು ತಾಗದ ಬಟ್ಟೆಯಾಗಿರಲಿ. ಕಸ ಹೋಗುತ್ತದೆ, ಕರಗಿದ ನೈಟ್ರೇಟ್ ಹೋಗುವುದಿಲ್ಲ. ಒಂದೆರಡು ಸಲಕ್ಕೆ ನಡೆದೀತು, ಇಡೀ ಬೇಸಿಗೆಗೆ ನಡೆಯದು. ಆ ದಿನಗಳಲ್ಲಿ ತಿಂಡಿ ಕಡಿಮೆ ಹಾಕುವುದು ಹೆಚ್ಚು ಉಪಕಾರಿ. ಎಸೆಯುವ ನೀರನ್ನು ಮಲ್ಲಿಗೆ ಬಳ್ಳಿಗೋ ತೆಂಗಿನ ಬುಡಕ್ಕೋ ಹಾಕಿ; ತೊಟ್ಟಿಗೆ ಉಪ್ಪು ಅಥವಾ ಔಷಧಿ ಹಾಕಿದ್ದರೆ ಮಾತ್ರ ಬೇಡ.

ತೊಳೆದ ಮೇಲೆ ನೀರು ಕದಡಿದರೆ

ಬಣ್ಣ ಮತ್ತು ಸಮಯ ನೋಡಿ. ಸೈಫನ್ ಮಾಡುವಾಗಲೇ ಕಂದು ಮಸುಕು ಎದ್ದು ಸಂಜೆಯೊಳಗೆ ತಿಳಿಯಾದರೆ ಅದು ಕೆದಕಿದ ಬಗ್ಗಡ, ಚಿಂತೆ ಬೇಡ. ಬಾಟಲಿಯನ್ನು ಜಲ್ಲಿಯಿಂದ ಎತ್ತುವಾಗ ಪೈಪು ಮಡಚದೇ ಎತ್ತಿ, ಆ ಕಸವೂ ಒಳಗೇ ಹೋಗುತ್ತದೆ; ಎತ್ತಿದ ಮೇಲೆ ಮಡಚಿ ಮುಂದಿನ ಜಾಗಕ್ಕೆ ಹೋಗಿ. ಮರುದಿನದಿಂದ ಹಾಲಿನಂಥ ಬಿಳಿ ಕಂಡು ಕೆಲವು ದಿನ ಹಾಗೇ ಇದ್ದರೆ ಬ್ಯಾಕ್ಟೀರಿಯಾ ಏರಿದೆ, ಅಂದರೆ ಒಮ್ಮೆಗೇ ಅತಿಯಾಗಿ ತೊಳೆದಿದ್ದೀರಿ. ಆಗ ಮತ್ತೆ ಮತ್ತೆ ಪೂರ್ತಿ ನೀರು ಬದಲಿಸಿದರೆ ಬಿಳಿ ಇನ್ನೂ ಉಳಿಯುತ್ತದೆ. ತಿಂಡಿ ನಿಲ್ಲಿಸಿ, ಗಾಳಿ ಹೆಚ್ಚಿಸಿ.

ಹೊಸ ನೀರು ಹಾಕಿ ಕೆಲವು ಗಂಟೆಗಳ ಮೇಲೆ ತೊಟ್ಟಿ ಚಹಾದ ಹಾಗೆ ಕೆಂಪಾದರೆ ಸೈಫನ್‌ನ ತಪ್ಪಲ್ಲ. ಚಿರೆಕಲ್ಲಿನ ನೆಲದ ಕೆಲವು ಬಾವಿ, ಬೋರ್‌ವೆಲ್‌ಗಳ ನೀರಿನಲ್ಲಿ ಕಬ್ಬಿಣ ಕರಗಿರುತ್ತದೆ. ಸೇದಿದಾಗ ತಿಳಿಯಾಗಿರುವ ನೀರು ಗಾಳಿ ತಾಗಿ ಕೆಂಪು ಗಸಿ ಬಿಡುತ್ತದೆ. ಗಾಜಿನ ಲೋಟದಲ್ಲಿ ರಾತ್ರಿ ತುಂಬಿಟ್ಟು ಬೆಳಗ್ಗೆ ತಳ ನೋಡಿದರೆ ಗೊತ್ತಾಗುತ್ತದೆ. ಇದ್ದರೆ ನೀರನ್ನು ಹಿಂದಿನ ದಿನವೇ ಹಂಡೆಯಲ್ಲಿ ತುಂಬಿ ಏರ್ ಸ್ಟೋನ್ (ಏರ್ ಪಂಪಿನ ಗುಳ್ಳೆ ಬಿಡುವ ಕಲ್ಲು) ಬಿಟ್ಟು, ಬೆಳಗ್ಗೆ ಮೇಲಿನ ತಿಳಿಯನ್ನಷ್ಟೇ ಬಳಸಿ.

ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ

ಮೊದಲು ಏರ್ ಪಂಪು ಜೋರು ಮಾಡಿ, ಆಮೇಲೆ ಕಾರಣ ಹುಡುಕಿ. ನಲ್ಲಿ ನೀರಾದರೆ ಕ್ಲೋರಿನ್ ಮೊದಲ ಅನುಮಾನ. ಆ್ಯಂಟಿ ಕ್ಲೋರಿನ್ ಹನಿಯನ್ನು ತೊಟ್ಟಿಗಲ್ಲ, ಬಾಲ್ದಿಗೆ ಹಾಕಿ ಕಲಕಿ ಆಮೇಲೆ ಸುರಿಯಬೇಕು. ಬಾವಿ ನೀರಾದರೆ ಕ್ಲೋರಿನ್ ಇಲ್ಲ, ಆದರೆ ಸೇದಿದ ಕೂಡಲೇ ಅದರಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚು, ಆಮ್ಲಜನಕ ಕಡಿಮೆ ಇರಬಹುದು. ಒಂದು ರಾತ್ರಿ ಗಾಳಿಯಾಡಿಸಿದರೆ ಎರಡೂ ಸರಿಯಾಗುತ್ತವೆ. ಶಾಖವನ್ನೂ ಮರೆಯಬೇಡಿ: ಬೇಸಿಗೆಯ ಮಧ್ಯಾಹ್ನ ತಾರಸಿಯ ಕಪ್ಪು ಟ್ಯಾಂಕಿನ ನೀರು, ಚಳಿಗಾಲದಲ್ಲಿ ಶಿರಸಿಯ ಮನೆಯಂಗಳದಲ್ಲಿ ರಾತ್ರಿ ಇಟ್ಟ ಬಾಲ್ದಿಯ ನೀರು, ಎರಡೂ ತೊಟ್ಟಿಗಿಂತ ಎಷ್ಟೋ ಡಿಗ್ರಿ ಬೇರೆ. ವ್ಯತ್ಯಾಸ ಎರಡು ಡಿಗ್ರಿಯೊಳಗೆ ಇರಬೇಕು.

ಇನ್ನೊಂದು ಕಾರಣ ಬೇಗ ಹೊಳೆಯುವುದಿಲ್ಲ. ಮಲೆನಾಡಿನ ಬಾವಿ ನೀರು ಮೃದು, ಅದಕ್ಕೆ ಆಮ್ಲವನ್ನು ತಡೆಯುವ ಶಕ್ತಿ ಕಡಿಮೆ. ತಿಂಗಳುಗಟ್ಟಲೆ ಕಸ ತೆಗೆಯದ ತೊಟ್ಟಿಯಲ್ಲಿ ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ; 7ರ ಕೆಳಗೆ ಆಮ್ಲ) 6ರ ಕೆಳಗೆ ಇಳಿದಿರಬಹುದು. ಅಲ್ಲಿರುವ ಅಮೋನಿಯಾ ಬಹುಪಾಲು ನಿರುಪದ್ರವಿ ಅಮೋನಿಯಂ ರೂಪದಲ್ಲಿರುತ್ತದೆ. ಅಂಥ ತೊಟ್ಟಿಯ ಅರ್ಧ ನೀರು ತೆಗೆದು, ಹೊಸ ಸಿಮೆಂಟ್ ತೊಟ್ಟಿಯಲ್ಲಿ ನಿಂತು ಕ್ಷಾರವಾದ ನೀರನ್ನು ಸುರಿದರೆ ಪಿಎಚ್ ಜಿಗಿಯುತ್ತದೆ, ಅಮೋನಿಯಂ ವಿಷದ ಅಮೋನಿಯಾ ಆಗುತ್ತದೆ. 26 ಡಿಗ್ರಿಯಲ್ಲಿ ಪಿಎಚ್ 7 ಇದ್ದಾಗ ವಿಷರೂಪದ ಪಾಲು ಶೇ. 1ಕ್ಕಿಂತ ಕಡಿಮೆ, 8 ಆದರೆ ಶೇ. 5 ದಾಟುತ್ತದೆ. ಬಹುದಿನ ಬಿಟ್ಟ ತೊಟ್ಟಿಯನ್ನು ಹಿಡಿದಾಗ ದಿನಕ್ಕೆ ಹತ್ತನೇ ಒಂದು ಭಾಗ ನೀರು ಮಾತ್ರ ಬದಲಿಸಿ, ಜಲ್ಲಿಯ ಒಂದು ಮೂಲೆ ಮಾತ್ರ ಎಳೆಯಿರಿ.

ಕರೆಂಟು ಇಲ್ಲದಾಗ ಸೈಫನ್ ಓಡುತ್ತದೆ ನಿಜ, ಆದರೆ ಬೆಳಗಿನಿಂದ ಏರ್ ಪಂಪು ನಿಂತಿರುವ ದಿನ ಜಲ್ಲಿ ಕೆದಕುವ ದಿನವಲ್ಲ. ಎದ್ದ ಬಗ್ಗಡ ನೀರಿನ ಆಮ್ಲಜನಕವನ್ನು ತಿನ್ನುತ್ತದೆ. ಮೇಲಿನ ನೀರು ಬದಲಿಸಿ, ತಳ ಮುಟ್ಟಬೇಡಿ. ಕರೆಂಟು ಇರುವ ದಿನ ಹೀಟರ್ ಮತ್ತು ಫಿಲ್ಟರಿನ ಪ್ಲಗ್ ಕಿತ್ತ ಮೇಲೆಯೇ ತೊಟ್ಟಿಗೆ ಕೈ ಹಾಕಿ. ನೀರಿಳಿದು ಬಿಸಿ ಹೀಟರಿನ ಗಾಜು ಹೊರಗೆ ಬಂದರೆ ಒಡೆಯುತ್ತದೆ. ಕೈಯಲ್ಲಿ ಗಾಯವಿದ್ದರೆ ಕೈಗವಸು ಹಾಕಿಕೊಳ್ಳಿ.

ಪೈಪನ್ನು ಇಡುವುದು

ಕೆಲಸ ಮುಗಿದ ಮೇಲೆ ಪೈಪಿಗೆ ಶುದ್ಧ ನೀರು ಹಾಯಿಸಿ, ಎರಡೂ ತುದಿ ಕೆಳಗಾಗುವಂತೆ ಎತ್ತರದ ಗೂಟಕ್ಕೆ ತೂಗು ಹಾಕಿ. ಸುರುಳಿ ಸುತ್ತಿಟ್ಟರೆ ಮಳೆಗಾಲದ ಮೂರು ತಿಂಗಳು ಒಳಗಿನ ನೀರು ಒಣಗುವುದೇ ಇಲ್ಲ, ಲೋಳೆ ಕಟ್ಟಿ ಒಳವ್ಯಾಸ ಕಿರಿದಾಗುತ್ತದೆ. ಬಿಸಿಲಿಗೂ ಬಿಡಬೇಡಿ, ಪೈಪು ಬಿರುಸಾಗಿ ಅಂಚಿನಲ್ಲಿ ಮಡಚಿಕೊಳ್ಳುತ್ತದೆ. ಲೋಳೆ ಕಟ್ಟಿದ್ದರೆ ಒಂದು ಹಿಡಿ ಕಲ್ಲುಪ್ಪು, ಎರಡು ಲೋಟ ನೀರು ಒಳಗೆ ಹಾಕಿ, ತುದಿಗಳನ್ನು ಮುಚ್ಚಿ ಕುಲುಕಿ ತೊಳೆಯಿರಿ. ಸಾಬೂನು, ಫಿನೈಲ್ ಯಾವುದೂ ಬೇಡ. ಈ ಬಾಟಲಿ, ಪೈಪು, ಬಾಲ್ದಿ ಮೂರಕ್ಕೂ ಬಣ್ಣದ ಟೇಪು ಸುತ್ತಿ ಗುರುತು ಮಾಡಿ, ಬೇರೆ ಯಾವ ಕೆಲಸಕ್ಕೂ ತೆಗೆಯದಂತೆ ಮನೆಯವರಿಗೆಲ್ಲ ಹೇಳಿಡಿ. ಆರು ತಿಂಗಳಿಗೊಮ್ಮೆ 10 ಲೀಟರಿನ ಅಳತೆ ಮತ್ತೆ ತೆಗೆಯಿರಿ. ಮೊದಲು 80 ಸೆಕೆಂಡು ಹಿಡಿಯುತ್ತಿದ್ದದ್ದು ತೊಳೆದ ಮೇಲೂ 100 ದಾಟಿದರೆ ಪೈಪು ಬದಲಿಸುವ ಹೊತ್ತಾಗಿದೆ.